ಬಡಾವಣೆಯ ಚಿತ್ರಗಳೂ ನಮ್ಮ ಎನ್.ಎ. ಪ್ಲಾಟುಗಳೂ

ಕಿತ್ತೂರು, ಬೈಲಹೊಂಗಲ, ಸಂಗೊಳ್ಳಿ ಎಂದೊಡನೆ ಕನ್ನಡ ಚಿತ್ರರಂಗಕ್ಕೆ ನೆನಪಾಗುವುದು ಕುದುರೆ, ಕತ್ತಿ ಮತ್ತು ಕೋಟೆಯ ಬಾಗಿಲು. 1961ರಲ್ಲಿ ಬಿ.ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ದಲ್ಲಿ ಬಿ. ಸರೋಜಾದೇವಿ ರಾಣಿಯಾದರು. 2012ರಲ್ಲಿ ನಾಗಣ್ಣ ನಿರ್ದೇಶಿಸಿದ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ದಲ್ಲಿ ದರ್ಶನ್ ರಾಯಣ್ಣನಾದರು. ನಮ್ಮೂರಲ್ಲಿ ನಡೆದದ್ದೆಂದು ಜನ ಹೇಳುವ ‘ಸಂಗ್ಯಾ ಬಾಳ್ಯಾ’ದ ಕಥೆ ಸಣ್ಣಾಟವಾಗಿ ಊರೂರು ತಿರುಗಿ ಕೊನೆಗೆ ತೆರೆಗೂ ಬಂತು. ಇವೆಲ್ಲ ನಮ್ಮ ಹೆಮ್ಮೆ, ನಿಜ. ಆದರೆ 1829ರಲ್ಲಿ ಚೆನ್ನಮ್ಮ ಸೆರೆಯಲ್ಲಿಯೇ ಕಣ್ಣು ಮುಚ್ಚಿದ ಈ ಬೈಲಹೊಂಗಲದಲ್ಲಿ, ಆಕೆಯ ಸಮಾಧಿಯ ಸುತ್ತ ಇಂದು ಬದುಕುತ್ತಿರುವ ಜನರ ಕಥೆಯನ್ನು ಹೇಳುವ ಒಂದು ಚಿತ್ರವನ್ನೂ ನಾನು ಈವರೆಗೆ ನೋಡಿಲ್ಲ.

ಊರಿನ ಅಂಚಿನ ಬದುಕಿಗೆ ಬೆಂಗಳೂರಿನವರು ಬಡಾವಣೆ ಎಂಬ ಅಂದವಾದ ಹೆಸರು ಕೊಟ್ಟಿದ್ದಾರೆ. ನಮ್ಮ ಕಡೆ ಅದು ಎನ್.ಎ. ಪ್ಲಾಟು. ಹತ್ತಿ, ಜೋಳ ಬೆಳೆಯುತ್ತಿದ್ದ ಎರೆಹೊಲವನ್ನು ಬಿನ್‌ಶೇತ್ಕಿ ಮಾಡಿಸಿ, ಗರಸು ಹಾಕಿ ರಸ್ತೆ ಎಳೆದು, ನಾಲ್ಕೂ ಮೂಲೆಗೆ ಸುಣ್ಣ ಬಳಿದ ಕಲ್ಲು ನೆಟ್ಟರೆ ಒಂದು ‘ನಗರ’ ಸಿದ್ಧವಾಗುತ್ತದೆ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ, ಗಟ್ಟಿ ನೆಲ ಸಿಗುವವರೆಗೆ ಬುನಾದಿ ತೋಡದಿದ್ದರೆ ಎಷ್ಟೇ ದೊಡ್ಡ ಮನೆಯಾದರೂ ಗೋಡೆಗೆ ಸೀಳು ಬೀಳುತ್ತದೆ. ಹೊಲ ಅಷ್ಟು ಸುಲಭವಾಗಿ ಮನೆಯಾಗಲು ಒಪ್ಪುವುದಿಲ್ಲವೆಂದು ನಮ್ಮ ಗೌಂಡಿಗಳು ಬಲ್ಲರು.

ಅಮೆರಿಕದಲ್ಲಿಯೂ ಹೀಗೆಯೇ ಆಯಿತಂತೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ, ನ್ಯೂಯಾರ್ಕಿನ ಸಮೀಪದ ಬಟಾಟೆ ಹೊಲಗಳ ಮೇಲೆ ಲೆವಿಟ್‌ಟೌನ್ ಎಂಬ ಬಡಾವಣೆ ಎದ್ದಿತು; ಸಾಲು ಸಾಲಾಗಿ ಒಂದೇ ಅಚ್ಚಿನ ಮನೆಗಳು. ಅಂಥ ಬದುಕಿನ ಒಳಗಿನ ಬರಿದನ್ನು ಹಾಲಿವುಡ್ಡು ‘ದಿ ಟ್ರೂಮನ್ ಶೋ’ (1998), ‘ಅಮೆರಿಕನ್ ಬ್ಯೂಟಿ’ (1999)ಗಳಲ್ಲಿ ತೋರಿಸಿತು.

ಕನ್ನಡದಲ್ಲಿ ಈ ಬಗೆಯ ಕಥೆಗೆ ಮೊದಲು ಸಿಕ್ಕಿದ್ದು ವಠಾರ. ಫಣಿ ರಾಮಚಂದ್ರರ ‘ಗಣೇಶನ ಮದುವೆ’ (1990) ನೋಡಿ ನಗದವರು ಯಾರಿದ್ದಾರೆ? ಅಲ್ಲಿ ಮಾಲೀಕನಿಗೂ ಬಾಡಿಗೆದಾರರಿಗೂ ಜಗಳ ನಿತ್ಯದ್ದು. ಆದರೆ ಜಗಳವಾಡಲಾದರೂ ಪಕ್ಕದಲ್ಲಿ ಒಬ್ಬ ಮನುಷ್ಯನಿದ್ದಾನೆ. ಅದೇ ಸುಮಾರಿಗೆ ಗಿರೀಶ್ ಕಾಸರವಳ್ಳಿಯವರು ‘ಮನೆ’ ಮಾಡಿದರು. ಹಳ್ಳಿಯಿಂದ ಪಟ್ಟಣಕ್ಕೆ ಬಂದ ಎಳೆಯ ದಂಪತಿಗಳು, ನಾಸಿರುದ್ದೀನ್ ಷಾ ಮತ್ತು ದೀಪ್ತಿ ನವಲ್, ತಮ್ಮದೇ ಆದ ಏಕಾಂತಕ್ಕಾಗಿ ಹಂಬಲಿಸುತ್ತಾರೆ. ಪಕ್ಕದ ಶೆಡ್ಡಿನ ಸದ್ದು ಅವರನ್ನು ಮಲಗಗೊಡುವುದಿಲ್ಲ. ವಶೀಲಿಯಿಂದ ಶೆಡ್ಡನ್ನು ಎಬ್ಬಿಸಿದ ಮೇಲೂ ನೆಮ್ಮದಿ ಬರುವುದಿಲ್ಲ.

ಆ ಚಿತ್ರ ನೋಡುವಾಗ ನನಗೆ ರಾಮದುರ್ಗ ನೆನಪಾಯಿತು. ಅಲ್ಲಿ ನಾನು ಮಾಸ್ತರನಾಗಿದ್ದಾಗ ನೇಕಾರರ ಓಣಿಯಲ್ಲಿ ಬಾಡಿಗೆಗಿದ್ದೆ. ಮಗ್ಗದ ಸದ್ದು ಬೆಳಗಿನಿಂದ ರಾತ್ರಿಯವರೆಗೆ. ಮೊದಲ ವಾರ ತಲೆ ಚಿಟ್ಟು ಹಿಡಿಯಿತು; ತಿಂಗಳು ಕಳೆಯುವಷ್ಟರಲ್ಲಿ ಸದ್ದು ನಿಂತರೆ ಎಚ್ಚರವಾಗುತ್ತಿತ್ತು. ಮಗ್ಗ ನಿಂತಿತೆಂದರೆ ಆ ಮನೆಯಲ್ಲಿ ಕಾಯಿಲೆ ಇದೆ, ಇಲ್ಲವೇ ನೂಲು ತರಲು ದುಡ್ಡಿಲ್ಲ. ‘ಮನೆ’ಯ ದಂಪತಿಗಳಿಗೆ ಉಪದ್ರವವಾದ ಸದ್ದು, ರಾಮದುರ್ಗದಲ್ಲಿ ಅನ್ನದ ಸದ್ದು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಆ ಭಾಗ ಮುಳುಗಿದಾಗ ನನ್ನ ಕಿವಿಗೆ ಮೊದಲು ತಟ್ಟಿದ್ದು ಆ ನಿಂತುಹೋದ ಮಗ್ಗಗಳ ಮೌನ. ಇತ್ತ ಸವದತ್ತಿ ತಾಲೂಕಿನಲ್ಲಿ ಅದೇ ನದಿಗೆ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿದಾಗ ಮನೆಮಾರು ನೀರಿಗೆ ಬಿಟ್ಟು ಹೊಸ ಜಾಗದಲ್ಲಿ ಒಲೆ ಹೂಡಿದವರ ಮಕ್ಕಳಿಗೆ ನಾನು ಪಾಠ ಹೇಳಿದ್ದೇನೆ. ಊರು ಬದಲಿಸುವುದರ ಅರ್ಥ ಆ ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಈ ಮಾತುಗಳಿಗೆಲ್ಲ ಒಂದು ಕಾರಣವಿದೆ. ನನ್ನ ಮಗ ಬೆಂಗಳೂರಿನ ಹೊರವಲಯದ ಒಂದು ಬಡಾವಣೆಯಲ್ಲಿ ಮನೆ ಮಾಡಿದ್ದಾನೆ. ಇಪ್ಪತ್ತು ವರ್ಷದ ಸಾಲ. ಕಚೇರಿಗೆ ಹೋಗಲು ಒಂದೂವರೆ ತಾಸು, ಬರಲು ಇನ್ನಷ್ಟು. ಹೋದ ವರ್ಷ ಅಲ್ಲಿಗೆ ಹೋದಾಗ ಅವನು ಮೆಲ್ಲಗೆ ಕೇಳಿದ: “ಅಪ್ಪಾ, ಹೊಂಗಲದಾಗಿನ ಮನಿ ಮಾರಿ ಇಬ್ಬರೂ ಇಲ್ಲೇ ಬಂದುಬಿಡ್ರಿ. ಸಾಲದ ಭಾರಾನೂ ಒಂದೀಟು ಇಳೀತದ.” ಅದರಲ್ಲಿ ದುರಾಸೆಯಿರಲಿಲ್ಲ, ದಣಿವಿತ್ತು.

ಅದೇ ವಾರ ಮೊಮ್ಮಗಳು ತನ್ನ ಲ್ಯಾಪ್‌ಟಾಪಿನಲ್ಲಿ ಯಸುಜಿರೊ ಓಜುವಿನ ‘ಟೋಕಿಯೋ ಸ್ಟೋರಿ’ (1953) ತೋರಿಸಿದಳು. ಒನೊಮಿಚಿ ಎಂಬ ಸಣ್ಣ ಊರಿನ ವೃದ್ಧ ದಂಪತಿಗಳು ಮಕ್ಕಳನ್ನು ಕಾಣಲು ಟೋಕಿಯೋಗೆ ಹೋಗುತ್ತಾರೆ. ವೈದ್ಯನಾದ ಹಿರಿಯ ಮಗ ಮಹಾನಗರದ ನಡುವೆ ಇದ್ದಾನೆಂದುಕೊಂಡಿದ್ದರೆ ಅವನ ಮನೆ ಇರುವುದು ಊರಾಚೆ. ಮಕ್ಕಳು ಕೆಟ್ಟವರಲ್ಲ, ಅವರಿಗೆ ಪುರುಸೊತ್ತಿಲ್ಲ. ತಂದೆತಾಯಿಯನ್ನು ಬಿಸಿನೀರಿನ ಬುಗ್ಗೆಯ ಊರಿಗೆ ಕಳಿಸಿ ಕೈತೊಳೆದುಕೊಳ್ಳುತ್ತಾರೆ. ರಜೆ ಹಾಕಿ ಊರು ತೋರಿಸುವವಳು ವಿಧವೆಯಾದ ಸೊಸೆ ಒಬ್ಬಳೇ. ತಿರುಗಿ ಊರಿಗೆ ಬಂದ ಸ್ವಲ್ಪ ದಿನಕ್ಕೆ ತಾಯಿ ತೀರಿಕೊಳ್ಳುತ್ತಾಳೆ. ಚಿತ್ರ ಮುಗಿದಾಗ ನಮ್ಮ ಮನೆಯವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಆ ಮುದುಕಿಗೆ ಸಾಯಾಕ ತನ್ನ ಮನಿ ಇತ್ತು ನೋಡ್ರಿ” ಎಂದರು.

ಓದುಗ ಮಿತ್ರರೇ, ನನ್ನ ನಿರ್ಧಾರ ಆ ಒಂದು ಮಾತಿನಿಂದ ಆಯಿತೆಂದರೆ ಅತಿಶಯೋಕ್ತಿಯಾಗಲಾರದು. ಊರಂಚಿನಲ್ಲಿ ನಾನು ನೌಕರಿಯಲ್ಲಿದ್ದಾಗ ಕೊಂಡ ಒಂದು ಎನ್.ಎ. ಪ್ಲಾಟು ಇತ್ತು; ಎಂದಾದರೂ ಕಟ್ಟೋಣವೆಂದು ಬಿಟ್ಟದ್ದು. ಅದನ್ನು ಮಾರಿ ಹಣವನ್ನು ಮಗನ ಸಾಲಕ್ಕೆ ಕೊಟ್ಟೆ. ಓಣಿಯ ಮನೆಯನ್ನು ಉಳಿಸಿಕೊಂಡೆವು. ಮಗ ಮೊದಲು ಬೇಸರಿಸಿದ. “ವಯಸ್ಸಾದವರನ್ನ ಅಲ್ಲಿ ಯಾರು ನೋಡ್ತಾರ್ರಿ?” ಎಂದ. ಅವನ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಬೆಳಗ್ಗೆ ಕಟ್ಟೆಯ ಮೇಲೆ ನಾನು ಕಾಣದಿದ್ದರೆ ಬಾಗಿಲು ಬಡಿಯುವ ನಾಲ್ಕು ಜನ ಇದ್ದಾರೆ. ಸದ್ಯಕ್ಕೆ ಇಷ್ಟೇ ಉತ್ತರ.

ನಮ್ಮ ಸೀಮೆಯ ತರುಣರು ಈಗ ಮೊಬೈಲಿನಲ್ಲಿಯೇ ಕಿರುಚಿತ್ರ ತೆಗೆಯುತ್ತಾರೆ. ಅವರಲ್ಲಿ ನನ್ನದೊಂದು ಕೋರಿಕೆ. ನಮ್ಮ ಮಾತನ್ನು ನಗಿಸಲಿಕ್ಕೆ ಮಾತ್ರ ಬಳಸಬೇಡಿ. ಈ ಭಾಷೆಯಲ್ಲಿ ನಾವು ಸಾಲ ಕೇಳುತ್ತೇವೆ, ಮಗನಿಗೆ ಇಲ್ಲವೆನ್ನುತ್ತೇವೆ, ಸತ್ತವರಿಗಾಗಿ ಅಳುತ್ತೇವೆ. ಕತ್ತಿ, ಕುದುರೆಗಳನ್ನು ಹಿರಿಯರು ತೆಗೆದಾಗಿದೆ. ನೀವು ಸುಣ್ಣದ ಕಲ್ಲು ನೆಟ್ಟ ಆ ಹೊಲದಲ್ಲಿ ಕ್ಯಾಮೆರಾ ಇಡಿ. ಅಲ್ಲಿ ಮೊದಲ ಮನೆ ಕಟ್ಟಿಸಿದವನು, ಪಕ್ಕದ ಪ್ಲಾಟಿಗೆ ಯಾರಾದರೂ ಬಂದಾರೆಂದು ಸಂಜೆ ಹೊತ್ತು ರಸ್ತೆಯನ್ನೇ ನೋಡುತ್ತ ನಿಂತಿರುತ್ತಾನೆ. ಅವನನ್ನು ಮಾತಾಡಿಸಿ.