ಹುಳದ ಮನೆ ಬಾಗಿಲಲ್ಲಿ ಸಾಕ್ರಟೀಸು

ನಮ್ಮ ಭಾವನ ಮಗ ಬೆಂಗಳೂರಿಂದ ರಜಕ್ಕೆ ಬಂದ್ರೆ ಬಟ್ಟೆ ಬ್ಯಾಗಿಗಿಂತ ಮುಂಚೆ ಆಟದ ಡಬ್ಬ ಇಳಿಸ್ತಾನೆ. ಈ ಸಲ ತಂದಿದ್ದು ‘ಅಸಾಸಿನ್ಸ್ ಕ್ರೀಡ್ ಒಡಿಸ್ಸಿ’, 2018ರಲ್ಲಿ ಬಂದ ಆಟ. ಅಥೆನ್ಸ್‌ಗೂ ಸ್ಪಾರ್ಟಾಕ್ಕೂ ಯುದ್ಧ ಹತ್ತಿಕೊಂಡಿದ್ದ ಕಾಲದ ಗ್ರೀಸು. ಕತ್ತಿ ಹಿಡಿಯೋರು ಗಂಡಾದ್ರೂ ಆಗಬಹುದು, ಹೆಣ್ಣಾದ್ರೂ ಆಗಬಹುದು. ನಮ್ಮ ಹುಡುಗಿ ಪಕ್ಕದಲ್ಲಿ ಕೂತು ಕಸಾಂಡ್ರಾನೇ ಬೇಕು ಅಂದ್ಲು.

ಕಡಿಯೋದು ಬಡಿಯೋದು ನನಗೆ ಸೇರಲ್ಲ. ಆದ್ರೆ ನಡುನಡುವೆ ಒಬ್ಬ ಗಡ್ಡದೋನು ಬತ್ತಾನೆ, ಸಾಕ್ರಟೀಸು. ಪೆರಿಕ್ಲೀಸನ ಮನೆ ಔತಣದಲ್ಲಿ ಸಿಗ್ತಾನೆ, ಆಮೇಲೂ ಅಲ್ಲಲ್ಲಿ ಎದುರಾಗ್ತಾನೆ. (ನಿಜವಾದ ಅಥೆನ್ಸ್‌ನಲ್ಲಿ ಅಂಥಾ ಔತಣಕ್ಕೆ ಮನೆ ಹೆಂಗಸರಿಗೆ ಜಾಗ ಇರ್ಲಿಲ್ಲ.) ಅವನು ಪ್ರಶ್ನೆ ಕೇಳ್ತಾನೆ, ಪರದೆ ಮೇಲೆ ಎರಡು ಮೂರು ಉತ್ತರ ಬರುತ್ತೆ, ಒಂದು ಒತ್ತಬೇಕು. ಒತ್ತಿದ್ರೆ ಆ ಉತ್ತರಾನೇ ಹಿಡಿದು ಇನ್ನೊಂದು ಕೇಳ್ತಾನೆ. ಆಟದಲ್ಲಿ ನನಗೆ ಹಿಡಿಸಿದ್ದು ಅದೊಂದೇ.

ಅವನ ತಾಯಿ ಸೂಲಗಿತ್ತಿಯಂತೆ. ನಾನೂ ಅದೇ ಕಸುಬಿನೋನು, ಬೇರೆಯವರ ಯೋಚನೆಗೆ ಹೆರಿಗೆ ಮಾಡಿಸೋನು ಅಂತ ಅವನು ಹೇಳ್ಕೊಂಡ ಹಾಗೆ ಶಿಷ್ಯ ಪ್ಲೇಟೋ ಬರೆದಿದಾನೆ. ಸಾಕ್ರಟೀಸು ತಾನು ಒಂದಕ್ಷರ ಬರೆದಿಡಲಿಲ್ಲ. ಎಪ್ಪತ್ತರ ವಯಸ್ಸಲ್ಲಿ, ಕ್ರಿ.ಪೂ. 399ರಲ್ಲಿ, ಹುಡುಗರನ್ನ ಕೆಡಿಸ್ತಾನೆ, ಊರ ದೇವರನ್ನ ನಂಬಲ್ಲ ಅಂತ ವಿಷ ಕುಡಿಸಿದ್ರು.

ಇಷ್ಟು ದೂರದೋನು ಯಾಕೆ, ನಮ್ಮ ಗೌರಿಬಿದನೂರು ತಾಲ್ಲೂಕಿನ ಹೊಸೂರಲ್ಲೇ ಅಂಥೋರು ಒಬ್ರು ಹುಟ್ಟಿದ್ರು, ಎಚ್. ನರಸಿಂಹಯ್ಯನೋರು. ಭೌತಶಾಸ್ತ್ರದ ಮೇಷ್ಟ್ರು, ಖಾದಿ ಬಟ್ಟೆ, ಹಾಸ್ಟೆಲ್ಲಿನ ಕೋಣೆಯಲ್ಲೇ ವಾಸ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನ ಪರೀಕ್ಷೆ ಮಾಡೋಕೆ ಒಂದು ಸಮಿತಿ ಮಾಡಿದ್ರು. ಪ್ರಶ್ನೆ ಮಾಡದೆ ಏನನ್ನೂ ಒಪ್ಪಬಾರದು ಅನ್ನೋದೇ ಅವರ ಪಾಠ.

ಇದೆಲ್ಲ ಕೇಳೋಕೆ ಚೆನ್ನಾಗಿರುತ್ತೆ. ಪ್ರಶ್ನೆ ನಮ್ಮ ಹುಳದ ಮನೆಗೆ ಬಂದಾಗ ಗೊತ್ತಾಗಿದ್ದು. ನಮ್ದು ಶಿಡ್ಲಘಟ್ಟದ ಕಡೆ, ರೇಷ್ಮೆಯೇ ಬದುಕು. ನಾಲ್ಕನೇ ಜ್ವರ ಎದ್ದ ಮೇಲೆ ಹುಳ ತಿನ್ನೋದು ನೋಡಬೇಕು, ಮಳೆ ಬಿದ್ದಂಗೆ ಸದ್ದು. ಒಟ್ಟು ಸೊಪ್ಪಲ್ಲಿ ಮುಕ್ಕಾಲಿಗಿಂತ ಹೆಚ್ಚು ಆವಾಗ್ಲೇ ಖರ್ಚು. ಎಷ್ಟು ಕೈ ಇದ್ರೂ ಸಾಲಲ್ಲ. ಅಂಥಾ ಹೊತ್ತಲ್ಲೇ ನಮ್ಮ ಹುಡುಗಿ ಮುಟ್ಟಾಗಿ ಜಗಲಿಗೆ ಬಂದು ಕೂತ್ಲು. ಹುಳದ ಮನೆಗೆ ಕಾಲಿಡಂಗಿಲ್ಲ, ಬೆಳೆ ಹೋಯ್ತದೆ ಅಂತ ನಮ್ಮತ್ತೆ ಕಟ್ಟುನಿಟ್ಟು. ನಾನೂ ಇಪ್ಪತ್ತು ವರ್ಷ ಅಲ್ಲೇ ಕೂತಿದೀನಿ.

“ಅಜ್ಜಿ, ಚಪ್ಪಲಿ ಯಾಕೆ ಆಚೆ ಬಿಡ್ಬೇಕು?” ಅಂದ್ಲು.

“ಧೂಳಲ್ಲಿ ರೋಗ ಬತ್ತೈತಮ್ಮ.”

“ಕೈಕಾಲು ತೊಳ್ಕೊಂಡು, ಬ್ಲೀಚಿಂಗ್ ನೀರು ತುಳ್ಕೊಂಡು ಹೋದ್ರೆ?”

“ಆಗ ಏನೂ ಆಗಲ್ಲ.”

“ನಾನೂ ತೊಳ್ಕೊಂಡೇ ಬತ್ತೀನಲ್ಲ?”

ಅತ್ತೆ ಸುಮ್ಮನಾದ್ರು. ಇವಳು ಬಿಡ್ಲಿಲ್ಲ. “ಹೋದ ವರ್ಷ ಹಾಲುತೊಂಡೆ ಬಂದು ಅಷ್ಟೂ ಹುಳ ತಿಪ್ಪೆಗೆ ಹಾಕಿದ್ವಲ್ಲ, ಆವಾಗ ಯಾರು ಒಳಗೆ ಹೋಗಿದ್ರು?”

“ಊರ್ಕೋವೇ ನುವ್ವು!” ಸಿಟ್ಟು ಬಂದ್ರೆ ನಮ್ಮನೆ ಮಾತು ತೆಲುಗಿಗೆ ಹೊರಳುತ್ತೆ.

ಅತ್ತೆಯದು ಬರೀ ಹಠ ಅಂತ ನಾನು ಹೇಳಲ್ಲ. ಹಾಲುತೊಂಡೆ ತರೋದು ವೈರಸ್ಸು ಅಂತ ಅವರಿಗೆ ಯಾರೂ ಹೇಳದ ಕಾಲದಲ್ಲಿ, ಕಣ್ಣೆದುರೇ ಬೆಳೆ ಕರಗಿ ಸಾಲ ಉಳಿದಿದ್ದು ಕಂಡೋರು. ಭಯಕ್ಕೆ ಯಾವುದೋ ಒಂದು ಕಾರಣ ಬೇಕಿತ್ತು, ಹೆಂಗಸರು ಸಿಕ್ಕಿದ್ರು. ಆಟದಲ್ಲಾದ್ರೆ ತಪ್ಪು ಉತ್ತರ ಒತ್ತಿದ್ರೂ ಕತೆ ಮುಂದಕ್ಕೆ ಹೋಗುತ್ತೆ. ಇಲ್ಲಿ ಒಂದು ಬೆಳೆ ಅಂದ್ರೆ ಮನೆಯ ಒಂದೂವರೆ ತಿಂಗಳ ದುಡಿಮೆ.

ನನ್ನನ್ನ ಕೇಳಿದ್ರೆ ಹುಡುಗಿ ಕೇಳಿದ್ದೇ ಸರಿ. ಅತ್ತೆ ಮುಂದೇನೇ ಅಂದೆ. ಅವರು ನನ್ನ ಕಡೆ ತಿರುಗಲಿಲ್ಲ.

ಈ ಬೆಳೇಲಿ ಅವಳು ಆ ಮೂರು ದಿನಾನೂ ಸೊಪ್ಪು ಹೊತ್ತು ಬಾಗಿಲ ತನಕ ತಂದ್ಲು. ಅತ್ತೆ ಹೊಸ್ತಿಲ ಒಳಗೇ ನಿಂತು ಕೈ ಚಾಚಿ ಇಸ್ಕೊಂಡ್ರು. ಹೋಗು ಅಂತ ಗದರಲಿಲ್ಲ, ಬಾ ಅಂತಾನೂ ಅನ್ನಲಿಲ್ಲ.