ಗುಟುಕು ನೀರು

ನಾಗಮಂಗಲ ತಾಲ್ಲೂಕಿನ ಹೊಣಕೆರೆಯ ಕಡೆ ರಾಗಿಯ ಮುದ್ದೆಯನ್ನು ಅಗಿಯುವ ಪದ್ಧತಿಯಿಲ್ಲ. ಸಾರಿನಲ್ಲಿ ಅದ್ದಿ ನುಂಗುವುದೇ ವಾಡಿಕೆ. ಎಪ್ಪತ್ತು ವರ್ಷ ಹಾಗೆ ಉಂಡ ನಮ್ಮ ಅತ್ತೆಯವರಿಗೆ ಒಂದು ಮುಂಜಾನೆ ಗುಟುಕು ನೀರನ್ನು ನುಂಗುವುದೂ ದುಸ್ತರವಾಯಿತು.

ಪಾರ್ಶ್ವವಾಯು ಬಡಿದಿತ್ತು. ಬಾಯಿ ಓರೆಯಾಗಿ ಬಲಗೈ ಜೋತುಬಿದ್ದುದನ್ನು ಕಂಡು ನಾವು ಮೊದಲು ಮಾಡಿದ ಕೆಲಸವೆಂದರೆ ಬಾಯಿಗೆ ನೀರು ಹಾಕಿದುದು. ಬಳಲಿದವರಿಗೆ ನೀರು ಕೊಡುವುದು ನಮ್ಮಲ್ಲಿ ಮೊದಲ ಧರ್ಮವಷ್ಟೆ. ಅವರು ಉಸಿರು ಕಟ್ಟುವಂತೆ ಕೆಮ್ಮಿದರು. ನುಂಗುವ ಶಕ್ತಿಯನ್ನು ಪರೀಕ್ಷಿಸುವವರೆಗೆ ಬಾಯಿಗೆ ನೀರನ್ನಾಗಲಿ ಮಾತ್ರೆಯನ್ನಾಗಲಿ ಹಾಕಬಾರದೆಂದು ವೈದ್ಯರು ಹೇಳಿದಾಗ ನಾವು ತಲೆ ತಗ್ಗಿಸಿದೆವು.

ಗಂಟಲಿನಲ್ಲಿ ಅನ್ನನಾಳವೂ ಶ್ವಾಸನಾಳವೂ ನೆರೆಹೊರೆ. ನುಂಗುವ ಕ್ಷಣದಲ್ಲಿ ಶ್ವಾಸನಾಳದ ಬಾಗಿಲು ಮುಚ್ಚಬೇಕು; ಅದಕ್ಕೆ ಅಪ್ಪಣೆ ಮಿದುಳಿನಿಂದ ಬರಬೇಕು. ಪಾರ್ಶ್ವವಾಯುವಾದವರಲ್ಲಿ ಹೆಚ್ಚು ಕಡಮೆ ಅರ್ಧದಷ್ಟು ಮಂದಿಗೆ ಮೊದಲ ದಿನಗಳಲ್ಲಿ ಈ ವ್ಯವಸ್ಥೆ ಕೆಡುತ್ತದೆ. ತೆಳ್ಳಗಿನ ನೀರು ಬಾಗಿಲು ಮುಚ್ಚುವ ಮೊದಲೇ ಜಾರಿ ಶ್ವಾಸಕೋಶಕ್ಕಿಳಿದು ನ್ಯುಮೋನಿಯ ತರಬಲ್ಲುದು. ಕೆಲವರಿಗೆ ಕೆಮ್ಮೂ ಬಾರದು.

ಈ ಭಯದಿಂದ, ಮನೆಗೆ ಬಂದ ಮೇಲೆ ನಾವು ಇನ್ನೊಂದು ತಪ್ಪು ಮಾಡಿದೆವು. ನೀರನ್ನೇ ಕಡಮೆ ಮಾಡಿದೆವು. ಅವರೂ ಕೇಳಲಿಲ್ಲ. ವಯಸ್ಸಾದವರಿಗೆ ಬಾಯಾರಿಕೆಯೇ ಮಂದ. ಮಾತು ಬೇರೆ ತೊದಲುತ್ತಿತ್ತು. ಬಚ್ಚಲಿಗೆ ಹೋಗಲು ಪರರ ಕೈ ಹಿಡಿಯಬೇಕೆಂಬ ಸಂಕೋಚ ಮತ್ತೊಂದು. ಕೆಲವೇ ದಿನಗಳಲ್ಲಿ ನಾಲಗೆ ಒಣಗಿತು, ಮೂತ್ರ ಕಡುಹಳದಿಯಾಯಿತು, ಹಗಲೆಲ್ಲ ಮಂಪರು ಕವಿಯಿತು. ರೋಗವೇ ಮರುಕಳಿಸಿತೆಂದು ಅಂಜಿದೆವು. ಮೈಯಲ್ಲಿ ನೀರು ಬತ್ತಿದೆಯೆಂದು ವೈದ್ಯರು ರಕ್ತನಾಳದ ಮೂಲಕ ದ್ರವವನ್ನು ಕೊಟ್ಟರು.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತಿನ ತೊಡಕಿಗಲ್ಲದೆ ನುಂಗುವ ತೊಂದರೆಗೂ ಚಿಕಿತ್ಸೆಯುಂಟೆಂಬುದನ್ನು ಆಗಲೇ ನಾವು ತಿಳಿದುದು. ತಜ್ಞರು ಪರೀಕ್ಷಿಸಿ ಒಂದು ಕ್ರಮವನ್ನು ಗೊತ್ತುಮಾಡಿದರು. ನೆಟ್ಟಗೆ ಕೂರಿಸಬೇಕು; ಸಣ್ಣ ಚಮಚದಲ್ಲಿ ಕೊಡಬೇಕು; ಒಂದು ಇಳಿದ ಮೇಲೆ ಇನ್ನೊಂದು; ಊಟವಾದ ಅರ್ಧ ಗಂಟೆ ಮಲಗಿಸಬಾರದು; ಬಾಯಿಯನ್ನು ಶುದ್ಧವಾಗಿಡಬೇಕು. ಗಂಟಿಲ್ಲದೆ ಸೋಸಿದ ರಾಗಿಯ ಅಂಬಲಿ ನೀರಿಗಿಂತ ನಿಧಾನವಾಗಿ ಇಳಿದು ಅತ್ತೆಯವರಿಗೆ ಹಿಡಿಸಿತು. ಆದರೆ ಎಲ್ಲರಿಗೂ ಒಂದೇ ಹದವಲ್ಲ. ಪರೀಕ್ಷಿಸಿದವರೇ ಅದನ್ನು ಹೇಳಬೇಕು. ದಿನಕ್ಕೆ ಎಷ್ಟು ಲೋಟ ಹೋಯಿತೆಂದು ನಾವು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದೆವು.

ಬಹುಮಂದಿಗೆ ಕೆಲವು ವಾರಗಳಲ್ಲಿ ನುಂಗುವ ಶಕ್ತಿ ಮರಳುತ್ತದೆ. ಅತ್ತೆಯವರು ಈಗ ತಾವೇ ಲೋಟ ಹಿಡಿದು ನೀರು ಕುಡಿಯುತ್ತಾರೆ. ಮುದ್ದೆಗೆ ಇನ್ನೂ ಅಪ್ಪಣೆಯಾಗಿಲ್ಲ. ಹಿರಿಯರುಳ್ಳ ಮನೆಯವರು ಇಷ್ಟನ್ನು ನೆನಪಿಡಲಿ: ಪಾರ್ಶ್ವವಾಯು ಬಡಿದ ಗಳಿಗೆಯಲ್ಲಿ ನೀರಿಗೆ ಓಡದೆ ಆಸ್ಪತ್ರೆಗೆ ಓಡಬೇಕು, ಆಮೇಲೆ ನೀರಿಗೆ ಅಂಜಿ ನೀರನ್ನೇ ಬಿಡಬಾರದು.