ಅಪ್ಪನ ಕಲ್ಲುಸಕ್ಕರೆ

ಯುಗಾದಿ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ, ಹಿಂದಿನ ಸಲದಂತೆ ಹಿತ್ತಲಿನ ಅವರೆ ಚಪ್ಪರದ ಬಗ್ಗೆಯೇ ಎರಡು ಪುಟ ಬರೆದು ಮುಗಿಸೋಣವೆಂದುಕೊಂಡಿದ್ದೆವು. ಆದರೆ ನಮ್ಮ ಮನೆಯಲ್ಲಿ ನಡೆದದ್ದನ್ನು ಮುಚ್ಚಿಟ್ಟುಕೊಂಡು ಅವರೆಕಾಯಿಯ ವಿಷಯ ಬರೆಯಲು ಈ ಬಾರಿ ಮನಸ್ಸು ಒಪ್ಪಲಿಲ್ಲ. ನಮ್ಮಿಬ್ಬರಲ್ಲಿ ಒಬ್ಬರು ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇವೆ. ಅದು ಯಜಮಾನರೋ ಯಜಮಾನಿಯೋ ಎಂಬುದನ್ನು ಹೇಳುವುದಿಲ್ಲ. ನುಂಗಿದವರು ಒಬ್ಬರಾದರೂ ಅದರ ಗುಣವನ್ನೂ ಕಾಟವನ್ನೂ ಅನುಭವಿಸಿದವರು ಇಬ್ಬರು. ಆದ್ದರಿಂದ ಇಲ್ಲಿ ಎಲ್ಲ ಕಡೆಯೂ 'ನಾವು' ಎಂದೇ ಇದೆ. ಕಾಪೆಲ್‌ನ ನಮ್ಮ ಮನೆಯಲ್ಲಿ ಉಂಡು ಹೋದ ಬಂಧುಗಳು ಊಹೆ ಮಾಡಿ ದಣಿಯಬಾರದಾಗಿ ವಿನಂತಿ.

2021ರ ಫೆಬ್ರವರಿಯ ಹಿಮಗಾಳಿ ನಿಮಗೆಲ್ಲ ನೆನಪಿದೆ. ಡಲ್ಲಾಸಿನಿಂದ ಹ್ಯೂಸ್ಟನ್‌ವರೆಗೆ ಕರೆಂಟು ಹೋಗಿ, ನೀರಿನ ಪೈಪುಗಳು ಒಡೆದು, ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡು ಕೂತಿದ್ದೆವು. ಅದನ್ನು ಹೇಗೋ ಕಳೆದೆವು. ಏಪ್ರಿಲ್ ಕೊನೆಯಲ್ಲಿ ತುಮಕೂರಿನಲ್ಲಿ ಅಪ್ಪ ಕೋವಿಡ್‌ನಿಂದ ತೀರಿಕೊಂಡರು. ಅದೇ ಸಮಯಕ್ಕೆ, ಭಾರತದಿಂದ ಬರುವವರಿಗೆ ಮೇ 4ರಿಂದ ನಿರ್ಬಂಧವೆಂದು ಇಲ್ಲಿನ ಸರ್ಕಾರ ಸಾರಿತು. ವೀಸಾದ ಮೇಲಿದ್ದ ನಾವು ಹೋದರೆ ಮರಳುವ ಭರವಸೆ ಇರಲಿಲ್ಲ. ಹದಿಮೂರನೆಯ ದಿನದ ಕಾರ್ಯವನ್ನು ಫೋನಿನಲ್ಲಿ ನೋಡಿದೆವು. ನಡುವೆ ಸಿಗ್ನಲ್ಲು ಹೋಯಿತು.

ಆ ಬೇಸಿಗೆಯಲ್ಲಿ ಮೊದಲು ನಿದ್ದೆ ಕೆಟ್ಟಿತು, ಆಮೇಲೆ ಹಸಿವು. ದಿನಸಿ ಅಂಗಡಿಯಲ್ಲಿ ಯಾವ ಅಕ್ಕಿ ಕೊಳ್ಳುವುದೆಂದು ತೀರ್ಮಾನಿಸಲಾಗದೆ ಖಾಲಿ ಗಾಡಿ ಹಿಡಿದು ಅರ್ಧ ಗಂಟೆ ನಿಂತದ್ದುಂಟು. ಥೈರಾಯ್ಡ್ ಇರಬೇಕು, ವಿಟಮಿನ್ ಕಡಿಮೆ ಇರಬೇಕು ಎಂದು ರಕ್ತಪರೀಕ್ಷೆ ಮಾಡಿಸಿದೆವು. ಎಲ್ಲ ಸರಿಯಾಗಿತ್ತು. ಡಾಕ್ಟರು ಒಂಬತ್ತು ಪ್ರಶ್ನೆಗಳ ಒಂದು ಹಾಳೆ ಕೊಟ್ಟರು. ಸತ್ತರೇ ಮೇಲು ಎನ್ನಿಸಿದ್ದುಂಟೆ ಎಂಬುದು ಕೊನೆಯ ಪ್ರಶ್ನೆ. ಅದರ ಮುಂದೆ 'ಕೆಲವು ದಿನ' ಎಂದು ಗುರುತು ಹಾಕಿದ್ದನ್ನು ಪಕ್ಕದ ಕುರ್ಚಿಯಲ್ಲಿದ್ದವರು ಕಂಡದ್ದು ಆಗಲೇ. ಒಂದೇ ಮನೆಯಲ್ಲಿದ್ದೂ ಗೊತ್ತಿರಲಿಲ್ಲ! "ನಿಮ್ಮ ಕುಟುಂಬದಲ್ಲಿ ಯಾರಿಗಾದರೂ ಹೀಗೆ ಆಗಿತ್ತೆ?" ಎಂದು ಡಾಕ್ಟರು ಕೇಳಿದರು. ಇಲ್ಲವೆಂದೆವು.

ಸರ್ಟ್ರಲಿನ್ ಬರೆದುಕೊಟ್ಟರು, ಮೊದಲ ವಾರ 25 ಮಿಲಿಗ್ರಾಂ, ಅನಂತರ 50. ಈ ಔಷಧಿಯಲ್ಲಿ ಕಾಟ ಮೊದಲು ಬರುತ್ತದೆ, ಗುಣ ಆಮೇಲೆ. ಮೊದಲ ಹತ್ತು ದಿನ ಹೊಟ್ಟೆ ತೊಳಸುವುದು, ಭೇದಿ, ರಾತ್ರಿ ಬೆವರು. ಮಾತ್ರೆ ಕೆಲಸ ಮಾಡುವುದು ಸೆರೊಟೋನಿನ್ ಎಂಬ ರಾಸಾಯನಿಕದ ಮೇಲೆ. ದೇಹದಲ್ಲಿ ಅದರ ಬಹುಪಾಲು ಇರುವುದು ಕರುಳಿನಲ್ಲೇ, ಹಾಗಾಗಿ ಹೊಟ್ಟೆ ಕೆಡುವುದು ಸಹಜ ಎಂದು ಡಾಕ್ಟರು ಹೇಳಿದ್ದರು. ಐದನೆಯ ವಾರ ಒಂದು ಬೆಳಿಗ್ಗೆ, ಸಾರಿಗೆ ಒಗ್ಗರಣೆ ಹಾಕಿದಾಗ ಇಂಗಿನ ವಾಸನೆ ಮೂಗಿಗೆ ಹತ್ತಿ "ಹಸಿವಾಗುತ್ತಿದೆ" ಎಂಬ ಮಾತು ಬಂತು. ಇನ್ನೊಬ್ಬರಿಗೆ ಕಣ್ಣಲ್ಲಿ ನೀರು.

ಒಂದು ಕಾಟ ಮಾತ್ರ ಹೋಗಲಿಲ್ಲ. ಬರೆಯಲು ಸಂಕೋಚ, ಆದರೂ ಬರೆಯುತ್ತೇವೆ. ದಾಂಪತ್ಯದ ಆಸೆ ಬತ್ತಿಹೋಯಿತು. ಈ ಬಗೆಯ ಮಾತ್ರೆಗಳಲ್ಲಿ ಇದು ಬಹಳ ಸಾಮಾನ್ಯವಾದ ತೊಂದರೆ. ಅದು ತಿಳಿಯದೆ ಒಬ್ಬರು "ನನ್ನ ಮೇಲೆ ಮನಸ್ಸಿಲ್ಲ" ಎಂದುಕೊಂಡರು, ಇನ್ನೊಬ್ಬರು "ನಾನೇ ಕಲ್ಲಾದೆ" ಎಂದುಕೊಂಡರು. ಪರಸ್ಪರ ಕೇಳಲಿಲ್ಲ, ಡಾಕ್ಟರಿಗೂ ಹೇಳಲಿಲ್ಲ. ಆ ವರ್ಷದ ದೀಪಾವಳಿಯ ಹೊತ್ತಿಗೆ, ಹೇಗೂ ಗುಣವಾಯಿತಲ್ಲ ಎಂದು ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿಬಿಟ್ಟೆವು.

ಮೂರನೆಯ ದಿನ ಸ್ನೇಹಿತರ ಗೃಹಪ್ರವೇಶಕ್ಕೆ ಆಸ್ಟಿನ್‌ಗೆ ಹೊರಟಿದ್ದೆವು. ವೇಕೋ ಊರು ಬರುವಷ್ಟರಲ್ಲಿ ಕಣ್ಣು ಹೊರಳಿಸಿದಾಗಲೆಲ್ಲ ತಲೆಯೊಳಗೆ ಕರೆಂಟು ಹೊಡೆದಂತೆ ಆಗತೊಡಗಿತು. ತಲೆಸುತ್ತು, ಕಾರಣವಿಲ್ಲದ ಅಳು, ಸಿಡುಕು. ಪೆಟ್ರೋಲ್ ಬಂಕಿನ ಪಕ್ಕ ಕಾರು ನಿಲ್ಲಿಸಿ, ಖಾಯಿಲೆಯೇ ಮರಳಿತೆಂದು ಹೆದರಿ ಕೂತೆವು. ಸೋಮವಾರ ಡಾಕ್ಟರು ವಿವರಿಸಿದರು: ಸರ್ಟ್ರಲಿನ್ ಸುಮಾರು ಒಂದು ದಿನದಲ್ಲೇ ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಹಠಾತ್ತನೆ ಬಿಟ್ಟರೆ ಮಿದುಳು ತಬ್ಬಿಬ್ಬಾಗುತ್ತದೆ. ಬಿಡುವುದಾದರೆ ವಾರಗಟ್ಟಲೆ, ಕೆಲವರು ತಿಂಗಳುಗಟ್ಟಲೆ, ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ಮಾತ್ರೆ ಮತ್ತೆ ಶುರುವಾಯಿತು. ಆದರೂ ಬಿಟ್ಟದ್ದೇಕೆಂಬ ನಿಜವಾದ ಕಾರಣವನ್ನು ಆ ದಿನವೂ ಹೇಳಲಿಲ್ಲ.

2022ರ ಸೆಪ್ಟೆಂಬರಿನಲ್ಲಿ ಅಮ್ಮ ಬಂದರು. ಮಾತ್ರೆಯ ಸೀಸೆಯನ್ನು ಸಾರಿನ ಪುಡಿಯ ಡಬ್ಬದ ಹಿಂದೆ ಬಚ್ಚಿಟ್ಟಿದ್ದೆವು. ಅಡುಗೆಮನೆಯಲ್ಲಿ ಅಮ್ಮನಿಂದ ಏನನ್ನಾದರೂ ಬಚ್ಚಿಡಲಾದೀತೆ? ನಾಲ್ಕನೆಯ ದಿನ ಸೀಸೆಯನ್ನು ಟೇಬಲ್ಲಿನ ಮೇಲಿಟ್ಟು, "ಇದು ಮನಸ್ಸಿನ ಮಾತ್ರೆ ತಾನೆ? ನನ್ನಿಂದ ಯಾಕೆ ಮುಚ್ಚಿಡ್ತೀರಿ? ಅವರು ಎರಡು ವರ್ಷ ನುಂಗಿದ್ದನ್ನ ನಾನು ನೋಡಿಲ್ವೆ?" ಎಂದರು.

ಹೈಸ್ಕೂಲು ಮೇಷ್ಟ್ರಾಗಿದ್ದ ಅಪ್ಪ 1984ರಿಂದ ಎರಡು ವರ್ಷ, ತಿಂಗಳಿಗೊಮ್ಮೆ ಬೆಳಗಿನ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುತ್ತಿದ್ದರು. ಇಲಾಖೆಯ ಕೆಲಸವೆಂದು ಎಲ್ಲರಿಗೂ ಹೇಳಿದ್ದರು. ಹೋಗುತ್ತಿದ್ದುದು ನಿಮ್ಹಾನ್ಸಿಗೆ. ಹಳೆಯ ಮಾನಸಿಕ ಆಸ್ಪತ್ರೆಯನ್ನೂ ಪಕ್ಕದ ಶಿಕ್ಷಣ ಸಂಸ್ಥೆಯನ್ನೂ ಕೂಡಿಸಿ 1974ರಲ್ಲೇ ಅದು ದೊಡ್ಡ ಸಂಸ್ಥೆಯಾಗಿತ್ತು. ಆದರೂ ಜನರ ಬಾಯಲ್ಲಿ ಹುಚ್ಚಾಸ್ಪತ್ರೆಯೇ. ತಮ್ಮ ಬೀರುವಿನಲ್ಲಿ ಹುಡುಕಿ ಹಳೆಯ ಚೀಟಿಯ ಫೋಟೋ ಕಳಿಸಿದ: ಇಮಿಪ್ರಮಿನ್. ಸ್ವಿಟ್ಜರ್ಲೆಂಡಿನ ರೋಲಾಂಡ್ ಕೂನ್ ಎಂಬ ವೈದ್ಯರು 1957ರಲ್ಲಿ ಖಿನ್ನತೆಗೆ ಗುಣಕಾರಿ ಎಂದು ಪ್ರಕಟಿಸಿದ ಹಳೆಯ ಔಷಧಿ. ಮಲಬದ್ಧತೆ, ಎದ್ದರೆ ತಲೆಸುತ್ತು, ಎಲ್ಲಕ್ಕಿಂತ ಹೆಚ್ಚಾಗಿ ಬಾಯಿ ಒಣಗುವುದು ಅದರ ಕಾಟಗಳು.

ಅಪ್ಪನ ಬಾಯಲ್ಲಿ ಸದಾ ಒಂದು ಚೂರು ಕಲ್ಲುಸಕ್ಕರೆ ಇರುತ್ತಿತ್ತು. ಪಾಠ ಮಾಡುವಾಗಲೂ ಇರುತ್ತಿತ್ತು. ಅಪ್ಪನಿಗೆ ಸಿಹಿಯ ಚಪಲವೆಂದು ಮನೆಮಂದಿಯೆಲ್ಲ ನಗುತ್ತಿದ್ದೆವು. ಮಾತ್ರೆ ನಿಂತರೂ ಅಭ್ಯಾಸ ಉಳಿಯಿತು. ನಿಮ್ಹಾನ್ಸಿನ ಡಾ. ಸಿ. ಆರ್. ಚಂದ್ರಶೇಖರ್ ಅವರು ಕನ್ನಡದಲ್ಲಿ ಬರೆದುದನ್ನು ಓದಿದ ಮೇಲೆ, ಇದು ಯಾರ ತಪ್ಪೂ ಅಲ್ಲವೆಂದು ಅಮ್ಮನಿಗೆ ಧೈರ್ಯ ಬಂದಿತ್ತಂತೆ. "ಆದ್ರೂ ನಿಮ್ಗೆ ಹೇಳೋಕೆ ಬಾಯಿ ಬರಲಿಲ್ಲ. ಹೇಳಿದ್ರೆ ಅವರನ್ನ ಹಗುರ ಮಾಡಿದಂತೆ ಆಗತ್ತೆ ಅಂತ" ಎಂದರು.

ಅಪ್ಪ ಒಂದು ಮಾತು ಹೇಳಿದ್ದರೆ ಡಾಕ್ಟರ ಪ್ರಶ್ನೆಗೆ ನಾವು 'ಇಲ್ಲ' ಎನ್ನುತ್ತಿರಲಿಲ್ಲ. ಅಪ್ಪನ ಮೇಲೆ ಸ್ವಲ್ಪ ಕೋಪವೂ ಬಂತು. ಆದರೆ ನಾವು ಮಾಡುತ್ತಿದ್ದುದೂ ಅದನ್ನೇ ಅಲ್ಲವೆ? ಮುಂದಿನ ಭೇಟಿಗೆ ಇಬ್ಬರೂ ಹೋಗಿ, ಅಪ್ಪನ ವಿಷಯವನ್ನೂ ಮಲಗುವ ಕೋಣೆಯ ವಿಷಯವನ್ನೂ ಹೇಳಿದೆವು. ಡಾಕ್ಟರು ನಕ್ಕು, "ಇದನ್ನು ನಾನು ದಿನವೂ ಕೇಳುತ್ತೇನೆ" ಎಂದರು. ಸರ್ಟ್ರಲಿನ್ ಅನ್ನು ನಿಧಾನವಾಗಿ ಇಳಿಸಿ, ಆ ತೊಂದರೆ ಕಡಿಮೆಯಿರುವ ಬ್ಯುಪ್ರೊಪಿಯಾನ್ ಕೊಟ್ಟರು. ಅದೂ ಎಲ್ಲರಿಗಲ್ಲ, ಮೂರ್ಛೆರೋಗ ಇರುವವರಿಗೆ ಸಲ್ಲದು. ಜೊತೆಗೆ ಮನೋವೈದ್ಯ ಸಲಹೆಗಾರರ ಬಳಿ ಮಾತಿನ ಚಿಕಿತ್ಸೆಯೂ ನಡೆಯಿತು. ಮಾತ್ರೆ ಈಗಲೂ ಇದೆ.

ಮಾತ್ರೆಯೇ ಸಂಜೀವಿನಿ ಎಂದು ನಾವು ಹೇಳುತ್ತಿಲ್ಲ. 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನ 522 ಪ್ರಯೋಗಗಳನ್ನು ಕೂಡಿಸಿ ನೋಡಿ, 21 ಔಷಧಿಗಳೂ ಹುಸಿಮಾತ್ರೆಗಿಂತ ಮೇಲೆಂದಿತು. ಸರಾಸರಿಯಲ್ಲಿ ಆ ಮೇಲುಗೈ ಸಾಧಾರಣವಾದದ್ದೇ. ಒಬ್ಬರಿಗೆ ಹಿಡಿಸಿದ್ದು ಇನ್ನೊಬ್ಬರಿಗೆ ಹಿಡಿಸದು. ಮಕ್ಕಳು ಮತ್ತು 24 ವರ್ಷದವರೆಗಿನ ತರುಣರಲ್ಲಿ ಆರಂಭದಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದೆಂಬ ಎಚ್ಚರಿಕೆ 2007ರಿಂದ ಪ್ರತಿ ಪೊಟ್ಟಣದ ಕಾಗದದ ಮೇಲಿದೆ. ಕಾಲೇಜಿಗೆ ಹೋದ ಮಕ್ಕಳಿದ್ದವರು ಮೊದಲ ವಾರಗಳಲ್ಲಿ ಆಗಾಗ ಮಾತಾಡಿಸುತ್ತಿರಿ. ಊರಿಂದ ಬಂದ ಹಿರಿಯರು ಸರ್ಟ್ರಲಿನ್‌ನಂಥ ಮಾತ್ರೆ ನುಂಗುತ್ತಿದ್ದು ಮಂಕಾದರೆ, ರಕ್ತದ ಸೋಡಿಯಂ ಪರೀಕ್ಷಿಸಲು ಕೇಳಿ, ಅದು ಇಳಿಯುವುದುಂಟು. ಕತ್ತಲು ತೀರ ದಟ್ಟವೆನಿಸಿದಾಗ ಇಲ್ಲಿ 988, ಭಾರತದಲ್ಲಿ ಟೆಲಿ ಮಾನಸ್‌ನ 14416, ಹಗಲು ರಾತ್ರಿ ಸಿಗುತ್ತವೆ.

ಬ್ಯುಪ್ರೊಪಿಯಾನ್‌ನಿಂದಲೂ ಬಾಯಿ ಒಣಗುತ್ತದೆ. ಹಲ್ಲಿನ ಡಾಕ್ಟರು ಸಕ್ಕರೆಯಿಲ್ಲದ ಗಮ್ ಅಗಿಯಿರಿ ಎನ್ನುತ್ತಾರೆ, ಅದನ್ನೇ ಅಗಿಯುತ್ತೇವೆ. ಆದರೂ ಊಟದ ಟೇಬಲ್ಲಿನ ಮೇಲೆ ಒಂದು ಬಟ್ಟಲು ಕಲ್ಲುಸಕ್ಕರೆ ಇಟ್ಟಿದ್ದೇವೆ. ಮಾತ್ರೆಯ ಸೀಸೆಯೂ ಈಗ ಅದರ ಪಕ್ಕದಲ್ಲೇ. ಮುಂದಿನ ಸಲ ಬಂದಾಗ ಒಂದು ಚೂರು ಬಾಯಿಗೆ ಹಾಕಿಕೊಂಡು ಕೂತುಕೊಳ್ಳಿ. ನಿಮ್ಮ ಮನೆಯಲ್ಲೂ ಹೇಳದೆ ಉಳಿದದ್ದೇನಾದರೂ ಇದ್ದರೆ, ಕೇಳಲು ನಾವಿಬ್ಬರೂ ಇದ್ದೇವೆ.